ಹಳೇ ಜೀಪಿನ ಹೆಸರು, ಹೊಸ ಗಾಡಿಯ ದರ

ಕುಡತಿನಿ: ಬಳ್ಳಾರಿ–ಹೊಸಪೇಟೆ ಹೆದ್ದಾರಿಯಲ್ಲಿ ಬಸ್ಸಿಗಾಗಿ ಅರ್ಧ ತಾಸು ಕಾದು ನಿಂತವರಿಗೆ ಒಂದು ಸಂಗತಿ ತಾನಾಗಿಯೇ ತಿಳಿಯುತ್ತದೆ. ದಪ್ಪ ಟೈರಿನ, ಎತ್ತರದ, ಚೌಕ ಮೂತಿಯ ಗಾಡಿ ಯಾವುದೇ ಬರಲಿ, ಚಹಾದಂಗಡಿ ಕಟ್ಟೆಯ ಮೇಲೆ ಕೂತ ಹಿರಿಯರ ಬಾಯಲ್ಲಿ ಅದು 'ಜೀಪು'. ಥಾರ್ ಬಂದರೆ ಜೀಪು, ಬೊಲೆರೊ ಬಂದರೆ ಜೀಪು, ಸ್ಕಾರ್ಪಿಯೋ ಬಂದರೂ ಜೀಪೇ. ಆ ಹೆಸರಿಗೆ ಅಮೆರಿಕದಲ್ಲಿ ಮಾಲೀಕರಿದ್ದಾರೆ. ಮಹೀಂದ್ರಾ ಕಂಪನಿ ಅಲ್ಲಿ ರಾಕ್ಸರ್ ಎಂಬ ಗಾಡಿ ಮಾರಲು ಹೋದಾಗ, ಇದು ನಮ್ಮ ಜೀಪಿನ ಮುಖದ ನಕಲು ಎಂದು 2018ರಲ್ಲಿ ತಕರಾರು ಎತ್ತಿ, 2020ರಲ್ಲಿ ಅದರ ಮಾರಾಟಕ್ಕೆ ತಡೆಯನ್ನೂ ತಂದವರು ಅವರು. ಪಾಪ, ಕುಡತಿನಿಯ ಕಟ್ಟೆಯ ಮೇಲೆ ಕೂತವರ ಮೇಲೆ ಅವರು ಯಾವ ಕೋರ್ಟಿನಲ್ಲಿ ದಾವೆ ಹೂಡಿಯಾರು?

ಹೆಸರಿನ ಬೆಲೆ ಎಷ್ಟೆಂಬುದು ಕಟ್ಟೆಯವರಿಗಿಂತ ಮೋಟಾರು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಈಗ ನಡೆದಿರುವುದು ಹಳೇ ಹೆಸರುಗಳನ್ನು ಗೋರಿಯಿಂದ ಎಬ್ಬಿಸುವ ಕಾಲ. ಟಾಟಾದವರು 1991ರಲ್ಲಿ ಸಿಯೆರಾ ಎಂಬ ಗಾಡಿ ತಂದಿದ್ದರು. ಮೂರೇ ಬಾಗಿಲು, ಹಿಂದೆ ಮೇಲ್ಛಾವಣಿಯವರೆಗೂ ಬಾಗಿದ ದೊಡ್ಡ ಗಾಜು. ಅದು ನಿಂತುಹೋಗಿ ಎಷ್ಟೋ ವರ್ಷ ಕಳೆದಿತ್ತು. 2025ರ ನವೆಂಬರ್ 25ರಂದು ಅದೇ ಹೆಸರು ಮತ್ತೆ ಬಂತು. ಆರಂಭದ ದರ 11.49 ಲಕ್ಷ. ಸಫಾರಿಯ ಕಥೆ ಇನ್ನೂ ಮಜವಾದದ್ದು. 1998ರಲ್ಲಿ ಬಂದ ಸಫಾರಿ 2019ಕ್ಕೆ ನಿಂತಿತು. 2020ರ ಫೆಬ್ರವರಿಯಲ್ಲಿ ದಿಲ್ಲಿ ಬಳಿಯ ವಾಹನ ಮೇಳದಲ್ಲಿ ಕಂಪನಿಯವರು 'ಗ್ರಾವಿಟಾಸ್' ಎಂಬ ಹೊಸ ಗಾಡಿ ತೋರಿಸಿದರು. ಮಾರುಕಟ್ಟೆಗೆ ಬರುವ ಹೊತ್ತಿಗೆ, 2021ರಲ್ಲಿ, ಅದೇ ಗಾಡಿಯ ಬೆನ್ನ ಮೇಲೆ 'ಸಫಾರಿ' ಎಂಬ ಅಕ್ಷರ ಕೂತಿತ್ತು! ಗ್ರಾವಿಟಾಸ್ ಎಂದರೆ ಯಾರಿಗೂ ನಾಲಿಗೆ ಹೊರಳದು, ಸಫಾರಿ ಎಂದರೆ ಅಪ್ಪನ ಕಾಲದಿಂದ ಗೊತ್ತು. ಲೆಕ್ಕ ಅಷ್ಟೇ.

ಹಳೇ ಸಿಯೆರಾ, ಹಳೇ ಸಫಾರಿ ಎರಡರಲ್ಲೂ ನಾಲ್ಕು ಚಕ್ರಕ್ಕೂ ಇಂಜಿನ್ನಿನ ಶಕ್ತಿ ಹೋಗುವ ಮಾದರಿ ಸಿಗುತ್ತಿತ್ತು. ಹೆಸರು ಹೊತ್ತು ಬಂದ ಹೊಸ ಸಫಾರಿಗೆ ಮುಂದಿನ ಎರಡೇ ಚಕ್ರ ಎಳೆಯುತ್ತವೆ. ಹೊಸ ಸಿಯೆರಾ ಬಂದದ್ದೂ ಹಾಗೆಯೇ. ಪರದೇಶದವರು ಈ ವಿಚಾರದಲ್ಲಿ ಸ್ವಲ್ಪ ಮರ್ಯಾದೆ ಇಟ್ಟುಕೊಂಡರು ಎನ್ನಬೇಕು. ಫೋರ್ಡ್‌ನವರು 1996ರಲ್ಲಿ ನಿಲ್ಲಿಸಿದ ಬ್ರಾಂಕೊವನ್ನು 2020ರಲ್ಲಿ, ಲ್ಯಾಂಡ್ ರೋವರ್‌ನವರು 2016ರಲ್ಲಿ ನಿಲ್ಲಿಸಿದ ಡಿಫೆಂಡರ್ ಅನ್ನು 2019ರಲ್ಲಿ ಮರಳಿ ತೋರಿಸಿದಾಗ, ಕಲ್ಲುಮುಳ್ಳಿನ ದಾರಿಗೆ ಬೇಕಾದ ನಾಲ್ಕು ಚಕ್ರದ ಎಳೆತವನ್ನು ಬಿಟ್ಟುಕೊಡಲಿಲ್ಲ. ದರವನ್ನೂ ಬಿಟ್ಟುಕೊಡಲಿಲ್ಲ, ಅದು ಬೇರೆ ಮಾತು.

ಹೆಸರು ಉಳಿದು, ಹೆಸರು ಮಾಡಿಕೊಟ್ಟವರು ಬೀದಿಗೆ ಬಿದ್ದ ಪ್ರಕರಣ ಕರ್ನಾಟಕಕ್ಕೆ ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಜಾವಾ, ಆಮೇಲೆ ಯೆಜ್ದಿ. ರೋಡ್‌ಕಿಂಗ್ ಬೈಕಿನ ಸದ್ದು ಕೇಳದ ಊರು ಬಳ್ಳಾರಿ ಸೀಮೆಯಲ್ಲಿ ಯಾವುದಿತ್ತು? ಕಾರ್ಖಾನೆಗೆ ಬೀಗ ಬಿತ್ತು, ಕಾರ್ಮಿಕರು ಬಾಕಿ ಹಣಕ್ಕೆ ಅಲೆದರು. 2018ರಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ದಿ ಮತ್ತೆ ಬಂದವು. ಯೆಜ್ದಿಯಲ್ಲಿ ಒಂದು ಮಾದರಿಗೆ ಹೆಸರೇ 'ಅಡ್ವೆಂಚರ್', ಗುಡ್ಡಗಾಡು ಸುತ್ತುವವರಿಗೆ. ಆದರೆ ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಯೆಜ್ದಿ ಎಂಬ ಹೆಸರು ಯಾರಿಗೆ ಸೇರಿದ್ದು ಎಂಬ ಜಗಳ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿ, ಏಕಸದಸ್ಯ ಪೀಠದ ತೀರ್ಪಿನ ಮೇಲೆ ಮೇಲ್ಮನವಿಯೂ ಆಯಿತು. ಎರಡಕ್ಷರದ ಹೆಸರಿಗೆ ದೊಡ್ಡ ದೊಡ್ಡ ವಕೀಲರು ನಿಂತರು. ಹೆಸರಿನಲ್ಲಿ ದುಡ್ಡಿಲ್ಲದಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು?

ಈಗ ಕುಡತಿನಿಯ ಜೀಪಿಗೆ ಬರೋಣ.

ಹಗಲು ಕಚೇರಿ, ರಾತ್ರಿ ಆಸ್ಪತ್ರೆ

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಕಂಪನಿಗಳು ಸೇರಿ ಲಕ್ಷಗಟ್ಟಲೆ ಮಾಡಿ ಸುರಿದವು. ಇತ್ತ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು 'ಮಹೀಂದ್ರಾ ಅಂಡ್ ಮೊಹಮ್ಮದ್' ಎಂಬ ಕಂಪನಿ ಶುರುವಾಯಿತು. ದೇಶ ಹೋಳಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಬೋರ್ಡಿನ ಮೇಲೆ ಮಹೀಂದ್ರಾ ಎರಡು ಸಲ ಬಂತು. 1949ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ಜೋಡಿಸುವ ಕೆಲಸ ಆರಂಭವಾಯಿತು. ಅಲ್ಲಿಂದ ಮುಂದಿನದು ದೇಶದ ಹಳ್ಳಿಹಳ್ಳಿಗೆ ಗೊತ್ತಿರುವ ಚರಿತ್ರೆ.

ಬಳ್ಳಾರಿ ಜಿಲ್ಲೆಗೆ ಜೀಪು ಯಾಕೆ ಒಗ್ಗಿತು ಎಂದು ಕೇಳಿದರೆ ನೆಲವೇ ಉತ್ತರ ಹೇಳುತ್ತದೆ. ಒಂದು ಕಡೆ ಸಂಡೂರಿನ ಅದಿರು ಗುಡ್ಡ, ಕೆಂಪು ಧೂಳು, ಏರುದಾರಿ. ಇನ್ನೊಂದು ಕಡೆ ಕುರುಗೋಡು, ಸಿರುಗುಪ್ಪದ ಎರೆ ಭೂಮಿ. ಬೇಸಿಗೆಯಲ್ಲಿ ಎರೆ ಹೊಲ ಕಾಲು ತೂರುವಷ್ಟು ಬಿರುಕು ಬಿಡುತ್ತದೆ. ನಾಲ್ಕು ಹನಿ ಬಿದ್ದರೆ ಚಕ್ರಕ್ಕೆ ಹಿಟ್ಟಿನ ಮುದ್ದೆಯಂತೆ ಮೆತ್ತಿಕೊಳ್ಳುತ್ತದೆ. ಅಂಥಲ್ಲಿ ಎರಡು ಚಕ್ರ ಸುಮ್ಮನೆ ತಿರುಗುತ್ತ ಕೂತರೆ ಗಾಡಿ ಅಲ್ಲೇ ಕೂತಿತು. ಜೀಪಿನಲ್ಲಿ ಗೇರಿನ ಪಕ್ಕ ಇನ್ನೊಂದು ಚಿಕ್ಕ ಕೋಲು. ಅದನ್ನು ಎಳೆದರೆ ಮುಂದಿನ ಚಕ್ರಕ್ಕೂ ಶಕ್ತಿ. ಇನ್ನೂ ಎಳೆದರೆ ವೇಗ ಇಳಿದು ಎಳೆತ ಹೆಚ್ಚುತ್ತದೆ, ಎತ್ತು ಹೆಗಲು ಕೊಟ್ಟ ಹಾಗೆ.

ಹಗಲು ಹೊತ್ತು ಅದು ತಹಶೀಲ್ದಾರರ ಜೀಪು, ಪೊಲೀಸರ ಜೀಪು, ನೀರಾವರಿ ಇಂಜಿನಿಯರರ ಜೀಪು. 'ಜೀಪು ಬಂತು' ಎಂದರೆ ಸಾಕು, ಊರಲ್ಲಿ ಅರ್ಧ ಜನ ಮನೆ ಸೇರುತ್ತಿದ್ದರು, ಇನ್ನರ್ಧ ಅರ್ಜಿ ಹಿಡಿದು ಓಡಿಬರುತ್ತಿದ್ದರು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ ತಂತ್ರದ ಡೀಸೆಲ್ ಇಂಜಿನ್ನು ಕೂತ ಮೇಲೆ ಖರ್ಚು ಇಳಿಯಿತು. ಆಗ ಜೀಪು ಸರ್ಕಾರದ ಕೈಯಿಂದ ಜನರ ಕೈಗೆ ಬಂತು. ಉದ್ದ ಮೈಯ ಕಮಾಂಡರ್ ಬಂತು. ಬಜಾಜ್ ಟೆಂಪೋದವರ ಟ್ರಾಕ್ಸ್ ಬಂತು. ಬಸ್ಸು ಹೋಗದ ಊರಿಗೆ ಇವೇ ಬಸ್ಸು. ಎಂಟು ಜನರ ಜಾಗದಲ್ಲಿ ಹದಿನೆಂಟು, ಹಿಂದಿನ ಮೆಟ್ಟಿಲಲ್ಲಿ ನಾಲ್ವರು, ಮೇಲೆ ಮೆಣಸಿನಕಾಯಿ ಚೀಲ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ಯುತ್ತಿದ್ದದ್ದು ಇದೇ ಜೀಪು. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಊರುಗಳಲ್ಲಿ ಜೀಪಿನವನ ಮನೆ ಬಾಗಿಲು ಬಡಿಯುವುದೇ ಆಂಬುಲೆನ್ಸ್ ಕರೆಯುವ ಪದ್ಧತಿ.

ಕೆಟ್ಟರೆ ರಿಪೇರಿಗೆ ಊರ ಗ್ಯಾರೇಜು ಸಾಕಿತ್ತು. ಅಡಿಯಲ್ಲಿ ಏಣಿಯಂಥ ಉಕ್ಕಿನ ಚೌಕಟ್ಟು, ಎತ್ತಿನ ಬಂಡಿಗೆ ಇದ್ದಂಥ ಪಟ್ಟಿ ಸ್ಪ್ರಿಂಗು, ಬಾನೆಟ್ಟು ಎತ್ತಿದರೆ ಕಣ್ಣಿಗೆ ಕಾಣುವ ಇಂಜಿನ್ನು. ಸ್ಪ್ಯಾನರು, ಸುತ್ತಿಗೆ, ಒಂದು ತುಂಡು ತಂತಿ ಇದ್ದವನು ಮೇಸ್ತ್ರಿ.

ಹಳೇದೆಲ್ಲ ಬಂಗಾರ ಎಂದು ಹೇಳುವವರ ಮಾತನ್ನು ಪೂರ್ತಿ ನಂಬುವುದೂ ಬೇಡ. ಆ ಜೀಪುಗಳಲ್ಲಿ ಸೀಟ್ ಬೆಲ್ಟಿಗೆ ಬೆಲೆ ಇರಲಿಲ್ಲ, ಏರ್‌ಬ್ಯಾಗು ಇರಲಿಲ್ಲ, ಬಾಗಿಲೇ ಇಲ್ಲದವೂ ಎಷ್ಟೋ. ಪಲ್ಟಿ ಹೊಡೆದರೆ ಮೇಲಿದ್ದದ್ದು ಟಾರ್ಪಾಲು. ಹಿಂದೆ ಜೋತು ಬಿದ್ದವರು ರಸ್ತೆ ಪಾಲಾದದ್ದು ಒಂದೆರಡು ಸಲವಲ್ಲ. ಹಳೇ ಮಾದರಿಯ ಥಾರ್ 2019ರಲ್ಲಿ ನಿಂತದ್ದೂ ಸುರಕ್ಷತೆಯ ಹೊಸ ಕಾನೂನು ಮತ್ತು ಹೊಗೆಯ ಹೊಸ ನಿಯಮ ಎದುರಿಗೆ ಬಂದು ನಿಂತಾಗ. ಕೊನೆಯ 700 ಗಾಡಿಗಳನ್ನು ಕಂಪನಿ ಒಡೆಯರ ಸಹಿ ಹಾಕಿ 'ಥಾರ್ 700' ಎಂದು ಮಾರಿದರು. ಸಹಿಗೂ ಗಿರಾಕಿ! 2020ರ ಹೊಸ ಥಾರ್ ಡಿಕ್ಕಿ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರ ಪಡೆಯಿತು. ಇದು ಸಣ್ಣ ಮಾತಲ್ಲ, ಒಪ್ಪಬೇಕು.

ಎರಡು ಚಕ್ರ ಕಳೆದು, ಹೆಸರು ಉಳಿಸಿ

2010ರಲ್ಲಿ ಮೊದಲ ಥಾರ್ ಬಂದಾಗ ಅದು ಹಳೇ ಜೀಪಿನ ಮೈಗೆ ಮರುಭೂಮಿಯ ಹೆಸರು. ಕೊಳ್ಳುವವರು ಕಡಿಮೆ, ಕೊಂಡವರು ಹುಚ್ಚರು ಎನ್ನಿಸಿಕೊಂಡರು. 2020ರ ಅಕ್ಟೋಬರ್ 2ರಂದು ಎರಡನೇ ಥಾರ್ ಬಂತು, 9.80 ಲಕ್ಷದಿಂದ ದರ. ಮೊಟ್ಟಮೊದಲ ಗಾಡಿಯನ್ನು ಹರಾಜಿಗಿಟ್ಟರೆ 1 ಕೋಟಿ 11 ಲಕ್ಷಕ್ಕೆ ಹೋಯಿತು. ಹಣ ಕೊರೋನಾ ಪರಿಹಾರದಂಥ ಒಳ್ಳೇ ಕೆಲಸಕ್ಕೆ, ಸರಿ. ಆದರೆ ಆ ಹರಾಜು ದೇಶಕ್ಕೆಲ್ಲ ಒಂದು ಸುದ್ದಿ ಮುಟ್ಟಿಸಿತು: ಇನ್ನು ಮೇಲೆ ಜೀಪು ಕೂಲಿಯವರ ಗಾಡಿಯಲ್ಲ, ಯಜಮಾನರ ಗಾಡಿ. 2024ರ ಅಕ್ಟೋಬರ್ 3ರಂದು ಐದು ಬಾಗಿಲಿನ ಥಾರ್ ರಾಕ್ಸ್‌ಗೆ ಬುಕಿಂಗ್ ಶುರುವಾದಾಗ ಮೊದಲ ಒಂದು ತಾಸಿನಲ್ಲಿ 1,76,218 ಜನ ಹೆಸರು ಬರೆಸಿದರು. ರೇಷನ್ ಅಂಗಡಿಯಲ್ಲೂ ಅಷ್ಟು ನೂಕುನುಗ್ಗಲು ಕಾಣದು.

ನಡುವೆ ನಡೆದ ಒಂದು ಸಂಗತಿ ವ್ಯಾಪಾರಸ್ಥರು ಗಮನಿಸುವಂಥದ್ದು. 2023ರ ಜನವರಿಯಲ್ಲಿ ಕಂಪನಿಯವರು ಹಿಂದಿನ ಎರಡೇ ಚಕ್ರ ತಿರುಗುವ ಥಾರ್ ಬಿಟ್ಟರು, 9.99 ಲಕ್ಷದಿಂದ. ಅದರ ಡೀಸೆಲ್ ಇಂಜಿನ್ನು 1497 ಸಿಸಿ. ಈ ಅಂಕಿ ಆಕಾಶದಿಂದ ಉದುರಿದ್ದಲ್ಲ. ಗಾಡಿಯ ಉದ್ದ 4 ಮೀಟರಿನೊಳಗೆ, ಡೀಸೆಲ್ ಇಂಜಿನ್ನು 1500 ಸಿಸಿಯೊಳಗೆ ಇದ್ದರೆ ಸರ್ಕಾರದ ತೆರಿಗೆ ಕಡಿಮೆ. ಥಾರ್ ಉದ್ದ 3985 ಮಿಲಿಮೀಟರು. ಹದಿನೈದು ಮಿಲಿಮೀಟರಿನಲ್ಲಿ, ಮೂರು ಸಿಸಿಯಲ್ಲಿ ಪಾರು! 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾದಾಗ ಈ ಎರಡು ಚಕ್ರದ ಡೀಸೆಲ್ ಥಾರ್‌ಗೆ ತೆರಿಗೆ ಶೇಕಡಾ 31ರಿಂದ 18ಕ್ಕೆ ಇಳಿದು, ದರ 1.35 ಲಕ್ಷದಷ್ಟು ಇಳಿಯಿತು. ದೊಡ್ಡ ಡೀಸೆಲ್ ಇಂಜಿನ್ನಿನ, ನಾಲ್ಕು ಚಕ್ರದ ಎಳೆತದ ಥಾರ್‌ಗೆ ತೆರಿಗೆ ಶೇಕಡಾ 40.

ಅಂದರೆ ಏನಾಯಿತು ನೋಡಿ. ಎರೆ ಮಣ್ಣಿನಲ್ಲಿ ಹೂತ ಗಾಡಿಯನ್ನು ಎತ್ತುವ ಆ ಚಿಕ್ಕ ಕೋಲು ಬೇಕೆಂದರೆ ಹೆಚ್ಚು ತೆರಿಗೆ ಕಟ್ಟು. ಕೋಲು ಬೇಡ, ಮೂತಿ ಮತ್ತು ಹೆಸರು ಸಾಕು ಎಂದರೆ ಕಡಿಮೆ ಕಟ್ಟು. ಹೊಲದ ದಾರಿಯ ಗಾಡಿಯನ್ನು ಡಾಂಬರು ರಸ್ತೆಗೆ ಇಳಿಸಲು ಸರ್ಕಾರವೇ ಸೋಡಿ ಬಿಟ್ಟ ಹಾಗಾಯಿತು. ಇದು ಯಾವ ಮಂತ್ರಿಯೂ ಕೂತು ಮಾಡಿದ ಕುತಂತ್ರವಲ್ಲ, ನಿಯಮದ ಅಕ್ಷರ ಹಾಗೆ ಬಿದ್ದಿದೆ. ಫಲ ಮಾತ್ರ ಇದೇ.

ದರ ಇಳಿದರೂ ಗಾಡಿ ಪುಕ್ಕಟೆ ಬರುವುದಿಲ್ಲ. ಹತ್ತು ಲಕ್ಷ ಸಾಲ, ವರ್ಷಕ್ಕೆ ಶೇಕಡಾ 9 ಬಡ್ಡಿ, ಏಳು ವರ್ಷದ ಅವಧಿ ಎಂದು ಲೆಕ್ಕ ಹಾಕಿದರೆ ತಿಂಗಳ ಕಂತು ಸುಮಾರು 16,090 ರೂಪಾಯಿ. ಏಳು ವರ್ಷಕ್ಕೆ ಕಟ್ಟುವುದು ಒಟ್ಟು ಹದಿಮೂರೂವರೆ ಲಕ್ಷ. ಮೂರೂವರೆ ಲಕ್ಷ ಬರೀ ಬಡ್ಡಿ. ಡೀಸೆಲ್, ವಿಮೆ, ಟೈರು ಬೇರೆ. ಕಿರಾಣಿ ಅಂಗಡಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಕಮಾಂಡರ್ ಕಂತು ಕಟ್ಟಿದ್ದು ತಾನೇ ದುಡಿದು. ದಿನಕ್ಕೆ ನಾಲ್ಕು ಟ್ರಿಪ್ಪು, ತಲೆಗೆ ಇಷ್ಟು. ಥಾರ್ ಕಂತು ಕಟ್ಟಬೇಕಾದವನು ಮನೆಯ ಯಜಮಾನ, ಗಾಡಿಯಲ್ಲ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆಯಲು ಕಾನೂನೂ ಇಲ್ಲ, ನಾಲ್ಕು ಸೀಟಿನಲ್ಲಿ ಹೊಡೆದರೂ ಗಿಟ್ಟುವುದಿಲ್ಲ.

ಕುಡತಿನಿ ಸುತ್ತಿನಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. ಇಲ್ಲಿ ಹೊಲಗಳು ಉಷ್ಣ ವಿದ್ಯುತ್ ಸ್ಥಾವರಕ್ಕೆ ಹೋದವು. 2016ರ ತನಕ ಮೂರು ಘಟಕ ಎದ್ದು 1700 ಮೆಗಾವಾಟ್ ಆಯಿತು, ಸರಿ, ಕರೆಂಟಾದರೂ ಬಂತು. ಆಮೇಲೆ 2010ರ ಆಸುಪಾಸಿನಲ್ಲಿ ಆರ್ಸೆಲರ್ ಮಿತ್ತಲ್ ಮುಂತಾದ ಉಕ್ಕಿನ ಕಾರ್ಖಾನೆಗಳಿಗೆಂದು ಹರಗಿನಡೋಣಿ, ವೇಣಿವೀರಾಪುರ ಸೇರಿ ಸುತ್ತಿನ ಊರುಗಳ ಸಾವಿರಾರು ಎಕರೆ ಭೂಮಿ ಹೋಯಿತು. ಆ ಕಾರ್ಖಾನೆ ಬರಲಿಲ್ಲ. ನ್ಯಾಯವಾದ ಪರಿಹಾರ ಕೊಡಿ, ಇಲ್ಲವೇ ಕಾರ್ಖಾನೆ ಕಟ್ಟಿ ಕೆಲಸ ಕೊಡಿ ಎಂದು 2022ರ ಡಿಸೆಂಬರ್‌ನಲ್ಲಿ ಭೂಮಿ ಕಳೆದುಕೊಂಡವರು ಕುಡತಿನಿಯಲ್ಲಿ ಧರಣಿ ಕೂತರು; ವರ್ಷಗಟ್ಟಲೆ ಕೂತರು. ಹೊಲಕ್ಕೆ ಬಂದ ದುಡ್ಡು ಕೈಯಲ್ಲಿ ನಿಲ್ಲುವ ಜಾತಿಯದಲ್ಲ. ಮದುವೆಯಾಗುತ್ತದೆ, ಮನೆಯಾಗುತ್ತದೆ, ಬಾಗಿಲ ಮುಂದೆ ಗಾಡಿಯಾಗುತ್ತದೆ. ಹೊಲವಿದ್ದಾಗ ಹೊಲಕ್ಕೆ ಹೋಗಲು ಜೀಪಿರಲಿಲ್ಲ. ಈಗ ಜೀಪಿನ ಹೆಸರಿನ ಗಾಡಿಯಿದೆ, ಹೋಗಲು ಹೊಲವಿಲ್ಲ. ಮಗ ಬೇಕು ಅಂದ, ಅಪ್ಪ ತಂದುಕೊಟ್ಟ; ಯಾರನ್ನು ಬೈಯುವುದು? ಹುಡುಗರ ಷೋಕಿ ಎಂದು ಮೂಗು ಮುರಿಯುವುದು ಸುಲಭ. ಆ ಹುಡುಗನಿಗೆ ಊರಿನಲ್ಲಿ ಕೆಲಸವಿಲ್ಲ, ಗೌರವ ಎಂಬುದು ಷೋರೂಮಿನಲ್ಲಿ ಮಾತ್ರ ಕಂತಿನ ಮೇಲೆ ಸಿಗುತ್ತಿದೆ.

ಸತ್ತದ್ದನ್ನಲ್ಲವೇ ಎಬ್ಬಿಸುವುದು?

ಇಷ್ಟೆಲ್ಲದರ ನಡುವೆ ಕಂಪನಿಯವರ ಜಾಹೀರಾತು ಹೇಳದ ಸತ್ಯವೊಂದಿದೆ. ಕೆಲಸದ ಜೀಪು ಸತ್ತೇ ಇಲ್ಲ. 2000ದಲ್ಲಿ ಬಂದ ಬೊಲೆರೊ 2025ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಬಣ್ಣ ಬಳಿದುಕೊಂಡು 7.99 ಲಕ್ಷದಿಂದ ಷೋರೂಮಿಗೆ ಬಂತು. ಅದೇ ಏಣಿ ಚೌಕಟ್ಟು, ಅದೇ ಏಳು ಸೀಟು. ಟ್ರಾಕ್ಸ್ ವಂಶದ ಕ್ರೂಸರ್ ಬೆಳಗಿನ ಜಾವ ಮೆಣಸಿನಕಾಯಿ ಬಿಡಿಸುವ ಹೆಂಗಸರನ್ನು ತುಂಬಿಕೊಂಡು ಕುರುಗೋಡು ಕಡೆಗೆ ಹೋಗುವುದನ್ನು ಯಾರು ಬೇಕಾದರೂ ನೋಡಬಹುದು. ಇವುಗಳ ಹೆಸರನ್ನು ಯಾರೂ ಪುನರುಜ್ಜೀವನಗೊಳಿಸಲಿಲ್ಲ, ಹರಾಜು ಹಾಕಲಿಲ್ಲ, ಒಡೆಯರ ಸಹಿ ಬೀಳಲಿಲ್ಲ.

ಹಾಗಾದರೆ ಮರಳಿ ತರಬೇಕಾದದ್ದು ಏನು? ಜನ ಕೇಳುವುದು ಹೆಸರನ್ನಲ್ಲ, ಆ ಜೀಪು ಮಾಡುತ್ತಿದ್ದ ಕೆಲಸವನ್ನು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯಿತು, ಒಳ್ಳೇದೇ ಆಯಿತು. ಆದರೆ ಉಚಿತ ಟಿಕೇಟು ಬಸ್ಸು ಇದ್ದಲ್ಲಿ ತಾನೆ? ಹೆದ್ದಾರಿಯ ಮೇಲಿರುವ ಕುಡತಿನಿಗೆ ಬಸ್ಸಿನ ಬರವಿಲ್ಲ. ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಸಂಜೆಯ ಮೇಲೆ ಕಾಲೇ ಗತಿ, ಇಲ್ಲವೇ ಯಾವನದೋ ಬೈಕಿನ ಹಿಂದಿನ ಸೀಟು. ಹನ್ನೆರಡು ಜನರವರೆಗೆ ಕೂರಿಸುವ ಮ್ಯಾಕ್ಸಿಕ್ಯಾಬ್‌ಗೆ 1988ರ ಮೋಟಾರು ವಾಹನ ಕಾಯಿದೆಯಲ್ಲೇ ಜಾಗವಿದೆ. ಆದರೆ ಬಸ್ಸಿನಂತೆ ನಿಲ್ದಾಣ ನಿಲ್ದಾಣದಲ್ಲಿ ಜನ ಹತ್ತಿಸಿ ಇಳಿಸಿದರೆ ಅಪರಾಧ. ಹತ್ತಿಸದಿದ್ದರೆ ಆ ಊರಿಗೆ ಗಾಡಿಯೇ ಇಲ್ಲ. ಈ ನಡುಗತ್ತಲೆಯಲ್ಲಿ ಬಡ ಡ್ರೈವರು ದಂಡ ಕಟ್ಟುತ್ತಾನೆ, ಇಲ್ಲವೇ ಕೈ ಬೆಚ್ಚಗೆ ಮಾಡುತ್ತಾನೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸು ಓಡದ ದಾರಿಗಳಿಗಷ್ಟೇ, ಸೀಟಿನ ಲೆಕ್ಕ, ದರದ ಪಟ್ಟಿ, ವಿಮೆ ಎಲ್ಲ ಕಟ್ಟುನಿಟ್ಟು ಮಾಡಿ ಪರವಾನಗಿ ಕೊಟ್ಟರೆ ನಿಗಮದ ಗಂಟೇನೂ ಹೋಗದು. ಎರಡು ಚಕ್ರದ ಷೋಕಿ ಗಾಡಿಗೆ ತೆರಿಗೆ ಇಳಿಯಬಹುದಾದರೆ, ಎರೆ ದಾರಿಯಲ್ಲಿ ಹನ್ನೆರಡು ಜನರನ್ನು ಹೊರುವ ಗಾಡಿಗೆ ರಸ್ತೆ ತೆರಿಗೆಯಲ್ಲಿ ಏನಾದರೂ ಬಿಡಬಾರದೇ? ಇದನ್ನು ಕೇಳಬೇಕಾದವರು ಜಿಲ್ಲೆಯ ಶಾಸಕರು. ಅವರ ಪೈಕಿ ಬಸ್ಸಿನಲ್ಲಿ ಓಡಾಡುವವರು ಯಾರೂ ಇದ್ದಂತಿಲ್ಲ.

ಸರ್ಕಾರ ತನ್ನ ಹಳೇ ಜೀಪುಗಳಿಗೆ ಮಾಡಿದ್ದೂ ಇಲ್ಲೇ ಹೇಳಿಬಿಡಬೇಕು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದು. ಹೀಗೆ ಒಂದು ಕಾಲದಲ್ಲಿ ಊರೂರು ನಡುಗಿಸಿದ ಇಲಾಖೆ ಜೀಪುಗಳು ಕಚೇರಿ ಹಿತ್ತಲಿನಿಂದ ಗುಜರಿ ದಾರಿ ಹಿಡಿದವು. ಖಾಸಗಿಯವರಿಗೆ ಉಳಿಸಿಕೊಳ್ಳಲು ಅವಕಾಶವಿದೆ, ದುಡ್ಡಿದ್ದರೆ. 20 ವರ್ಷ ದಾಟಿದ ಕಾರು, ಜೀಪಿನ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಲ್ಲಿ ಹತ್ತು ಸಾವಿರಕ್ಕೆ ಏರಿತು. 2022ರ ಏಪ್ರಿಲ್‌ಗೆ ಮುಂಚೆ ಅದು 600 ರೂಪಾಯಿ ಇತ್ತು. ಕ್ಷಮತೆ ಪರೀಕ್ಷೆ, ವಿಮೆ ಬೇರೆ. ಹಳೇ ಕಮಾಂಡರ್ ಇಟ್ಟುಕೊಂಡವನು ಈಗ ಹತ್ತು ಸಾವಿರ ಕಟ್ಟುವುದೋ, ಗುಜರಿಯವನು ಹೇಳುವ ರೇಟಿಗೆ ತೂಕಕ್ಕೆ ಹಾಕುವುದೋ ಎಂದು ಲೆಕ್ಕ ಹಾಕುತ್ತ ಕೂತಿರುತ್ತಾನೆ. ಇಂಜಿನ್ನು ಇನ್ನೂ ಗಟ್ಟಿ, ಮೇಲಿನ ಟಾರ್ಪಾಲು ಮಾತ್ರ ಹರಿದಿದೆ. ಹೊಲಿಸುವ ಕೆಲಸವನ್ನು ಮುಂಗಾರಿನ ತನಕ ಮುಂದಕ್ಕೆ ಹಾಕಿದ್ದಾನೆ.